ಉತ್ತರಿ ಮಳೆಯೂ ಇಂಟೇಕ್ ಗ್ಯಾಸ್ಕೆಟ್ಟೂ

ಕಳೆದ ತಿಂಗಳು ತರಬೇತಿಗೆಂದು ರಾಯಚೂರಿನಿಂದ ದೇವದುರ್ಗಕ್ಕೆ ಹೊರಟಿದ್ದೆ. ಗಬ್ಬೂರು ದಾಟಿದ ಮೇಲೆ ಬಸ್ಸು ನಿಂತಿತು. ಮುಂದೆ ಒಂದು ಕಾರು ಬಾನೆಟ್ ಎತ್ತಿಕೊಂಡು ಅರ್ಧ ರಸ್ತೆ ಹಿಡಿದು ನಿಂತಿತ್ತು. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಕಾದ ಎಂಜಿನ್ನಿನ ಮೇಲೆ ಕೂಲೆಂಟ್ ಚೆಲ್ಲಿದಾಗ ಏಳುವ ವಾಸನೆ ಅದು, ಬೆಲ್ಲದ ಪಾಕ ತಳ ಹಿಡಿದಂತೆ ಸಿಹಿಸಿಹಿ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಮೂಗು ಎತ್ತಿ, "ಯಾರೋ ಹೂರಣ ಹೊತ್ತಿಸ್ಯಾರ ನೋಡ್ರಿ" ಅಂದಳು. ನನಗೆ ನಗು ಬರಲಿಲ್ಲ. ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಬಸ್ಸಿನ ನೆಲವನ್ನು ಒತ್ತುತ್ತಿತ್ತು, ಆಕ್ಸಿಲರೇಟರ್ ಅಲ್ಲೇ ಇದೆಯೇನೋ ಎಂಬಂತೆ. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನಗೆ ಹೀಗೇ ಆಗುತ್ತದೆ.

ಆಗ ನಾನು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಊರ ಅಂಚಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮುಂದೆ ಒಂದಿಷ್ಟು ಅಂಗಳ, ಅಂಗಳದಲ್ಲಿ ಬೇವಿನ ಮರ. ನನ್ನ ಜೊತೆಗೆ ಆಯಿ ಇದ್ದಳು. ಆಯಿ ಅಂದರೆ ನಮ್ಮವ್ವನ ಅವ್ವ, ಹುಲಿಗೆಮ್ಮ. ನನ್ನನ್ನೂ ನನ್ನ ತಂಗಿ ಸುಜಾತಾಳನ್ನೂ ಬಾಗಲವಾಡದಲ್ಲಿ ಕೂಲಿ ಮಾಡಿ ಸಾಕಿದವಳು. ಕಾಲುವೆ ಕೆಲಸದಲ್ಲಿ ಕಲ್ಲು ಒಡೆದ ಕೈ ಅವಳದು. ಆ ವಯಸ್ಸಿನಲ್ಲೂ ಅವಳು ಮುಚ್ಚಿದ ಡಬ್ಬಿಯ ಮುಚ್ಚಳ ನನ್ನಿಂದ ಬಿಚ್ಚಲು ಬರುತ್ತಿರಲಿಲ್ಲ. ಸುಜಾತಾ ಚೊಚ್ಚಲ ಬಸುರಿ. ಹೆರಿಗೆ ತವರಲ್ಲಿ ಆಗಬೇಕು, ನಮಗೆ ತವರು ಅಂದರೆ ಆಯಿಯ ಕಬ್ಬಿಣದ ಟ್ರಂಕು ಎಲ್ಲಿದೆಯೋ ಅದು. ಹಾಗಾಗಿ ದೇವದುರ್ಗದ ಆ ಬಾಡಿಗೆ ಮನೆಯೇ ತವರಾಯಿತು. ಅವಳ ಗಂಡ ಭೀಮೇಶ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಫಿಟ್ಟರ್. ಮೂವರು ಕೆಲಸಗಾರರು ಕೂಡಿ ಇರುವ ಒಂದು ಕೋಣೆಯಲ್ಲಿ ಅವನ ವಾಸ, ಅಲ್ಲಿ ಬಾಣಂತನದ ಮಾತೇ ಇರಲಿಲ್ಲ.

ಶ್ರಾವಣದ ಕೊನೆಗೆ ಡಾಕ್ಟರಮ್ಮ ಸುಜಾತಾಳ ಹೊಟ್ಟೆ ಮುಟ್ಟಿ ನೋಡಿದವರು ನನ್ನನ್ನು ಹೊರಗೆ ಕರೆದರು. "ಕೂಸು ಕಾಲು ಕೆಳಗ ಮಾಡಿ ಕೂತದ ಟೀಚರ್. ಬಿಪಿ ಬ್ಯಾರೆ ಏರಾಕತ್ತದ. ನೋವು ಶುರುವಾತಂದ್ರ ಇಲ್ಲಿ ಕಾಯಬ್ಯಾಡ್ರಿ, ಸೀದಾ ರಾಯಚೂರಿಗೆ ಕರ್ಕೊಂಡು ಹೋಗ್ರಿ. ಆಪರೇಶನ್ ಬೇಕಾಗ್ತದ." ನಾನು ತಲೆಯಾಡಿಸಿದೆ. ಹೊರಗೆ ಬಂದು ಸುಜಾತಾಳಿಗೆ "ಎಲ್ಲಾ ಚಲೋ ಅದ ಅಂದ್ರು" ಅಂದೆ. ಆಯಿಗೂ ಹಾಗೇ ಅಂದೆ. ಆಯಿ ನನ್ನ ಮುಖವನ್ನೇ ನೋಡಿದಳು. ನಾನು ಹುಟ್ಟಾ ಅಂಜುಬುರುಕಿ, ಮುಖ ಮುಚ್ಚಿಡಲು ಬರುವುದಿಲ್ಲ.

ಇನ್ನು ಎಲ್ಲ ನಿಂತದ್ದು ನನ್ನ ಕಾರಿನ ಮೇಲೆ. ಅದನ್ನು ಮಾನ್ವಿಯ ಒಬ್ಬ ಹತ್ತಿ ವ್ಯಾಪಾರಿಯಿಂದ ಕೊಂಡಿದ್ದೆ. ಬಿಳಿ ಬಣ್ಣದ ಸಣ್ಣ ಕಾರು, ನನ್ನ ನೌಕರಿಗಿಂತ ವಯಸ್ಸಿನಲ್ಲಿ ದೊಡ್ಡದು. ಆಯಿ ಅದನ್ನು ಡಬ್ಬಿ ಅಂತಲೇ ಕರೆಯುತ್ತಿದ್ದಳು. ಆ ಡಬ್ಬಿಗೆ ಅದೇ ಹೊತ್ತಿಗೆ ರೋಗ ಬಂತು. ಓಡುವಾಗ ಓಡುತ್ತಿತ್ತು. ಸ್ಪೀಡ್ ಬ್ರೇಕರ್ ಬಂತೆಂದು ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಸಾಕು, ಚಳಿಜ್ವರ ಬಂದವರಂತೆ ನಡುಗಿ ಆರಿಹೋಗುತ್ತಿತ್ತು. ನಿಂತಾಗ ಒಳಗಿನಿಂದ ಸುಸ್ಸ್ ಎಂಬ ಸದ್ದು. ಕೂಲೆಂಟ್ ಕೆಳಗೆ ಸೋರಿದ್ದು ಕಾಣುತ್ತಿರಲಿಲ್ಲ, ಆದರೂ ದಿನಾ ಕಡಿಮೆಯಾಗುತ್ತಿತ್ತು.

ಊರಿನ ಮಿಸ್ತ್ರಿ ಬಾನೆಟ್ ಎತ್ತಿ ಕಿವಿಗೊಟ್ಟ. "ಇಂಟೇಕ್ ಗ್ಯಾಸ್ಕೆಟ್ ಹೋಗ್ಯಾದ್ರಿ. ಬಿಟ್ಟು ಹೋಗ್ರಿ, ಕೈಯಾಗ ಟ್ರ್ಯಾಕ್ಟರ್ ಕೆಲಸ ಅದಾವ, ಮುಗಿಸಿ ಮಾಡಿಕೊಡ್ತೀನಿ" ಅಂದ. ಯಾವಾಗ ಅಂದರೆ ಬೆರಳು ಮಡಿಚಿ ಬಿಡಿಸಿ ಯೋಚನೆ ಮಾಡಿದ. ನಾನು ಕಾರನ್ನು ವಾಪಸು ತಂದೆ. ಅಂಗಳದಲ್ಲಿ ಕೆಟ್ಟ ಕಾರಾದರೂ ನಿಂತಿರಲಿ, ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಕಾರು ಬೇಡ ಅನ್ನಿಸಿತು. ಆ ದಿನಗಳಲ್ಲಿ ನಾನು ರಾತ್ರಿ ಮಲಗಿದರೂ ಕಿವಿ ಎರಡು ಕಡೆ ಇರುತ್ತಿತ್ತು, ಒಂದು ಸುಜಾತಾಳ ಉಸಿರಿನ ಕಡೆ, ಇನ್ನೊಂದು ಮಳೆಯಲ್ಲಿ ನೆನೆಯುತ್ತಿದ್ದ ಕಾರಿನ ಕಡೆ.

ಈ ಗ್ಯಾಸ್ಕೆಟ್ ಅನ್ನುವುದು ದೊಡ್ಡ ವಸ್ತುವೇನಲ್ಲ. ಎಂಜಿನ್ನು ಉಸಿರೆಳೆಯುವ ಕೊಳವೆಗಳಿಗೂ ಎಂಜಿನ್ನಿಗೂ ನಡುವೆ ಕೂರುವ, ರಟ್ಟಿನಂಥ ತೆಳು ಹಾಳೆ. ಅದು ಹರಿದರೆ ಸಂದಿನಿಂದ ಕಳ್ಳಗಾಳಿ ಒಳಗೆ ನುಗ್ಗಿ ಎಂಜಿನ್ನಿನ ಉಸಿರು ಕೆಡುತ್ತದೆ. ನನ್ನ ಕಾರಿನಲ್ಲಿ ತಂಪಿಡುವ ನೀರೂ ಅದೇ ಜಾಗ ಹಾದು ಹೋಗುತ್ತಿತ್ತು, ಅದೂ ಸಂದಿನಿಂದ ಜಿನುಗುತ್ತಿತ್ತು. ಫೋನಿನಲ್ಲಿ ಭೀಮೇಶನಿಗೆ ಹೇಳಿದರೆ ಅವನು ನಕ್ಕ. "ಗ್ಯಾಸ್ಕೆಟ್ ಏನ್ರಿ ಅಕ್ಕಾರ! ನಾ ದಿನಾ ಹಾಕೋದೇ ಅದು. ನಮ್ಮ ಪೈಪಿನಾಗ ಆನಿ ಮಲಗ್ತದ. ಐತವಾರ ರಜಾ ಅದ, ಬರ್ತೀನಿ, ಮನಿಯಾಗ ಮಾಡೂಣು." ಕಾರಿನದು ಎಂದಾದರೂ ಹಾಕಿದ್ದೀಯೇನಪ್ಪಾ ಅಂದೆ. ಅವನು, "ಪೈಪು ಪೈಪೇ ಅಲ್ಲೇನ್ರಿ?" ಅಂದ.

ಗ್ಯಾಸ್ಕೆಟ್ ತರಲು ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ರಾಯಚೂರಿಗೆ ಹೋದೆ. ಸ್ಪೇರ್ ಪಾರ್ಟ್ಸ್ ಅಂಗಡಿಯ ಗಡ್ಡದ ಹಿರಿಯರು ಮಾಡಲ್ ಕೇಳಿ, ಅಟ್ಟದ ಮೇಲಿಂದ ಧೂಳು ಹಿಡಿದ ಒಂದು ಪಾಕೀಟು ಇಳಿಸಿ, ಊದಿ ಕೊಟ್ಟರು. ಯಾರು ಹಾಕುತ್ತಾರೆ ಅಂದರು. ನಾವೇ ಅಂದೆ. ನನ್ನ ಸೀರೆ, ಹೆಗಲ ಚೀಲ, ಚೀಲದಿಂದ ಇಣುಕುತ್ತಿದ್ದ ಉತ್ತರ ಪತ್ರಿಕೆ ಎಲ್ಲ ನೋಡಿದರು. "ಅರೇ ಅಲ್ಲಾ... ಆಗ್ಲಿ ಟೀಚರಮ್ಮ. ಹಳೇ ಕಾಗದ ಪೂರಾ ಕೆರಿರಿ, ಜರಾಭೀ ಬಿಡಬ್ಯಾಡ್ರಿ. ತೂತಿನಾಗ ಬಟ್ಟಿ ತುರುಕಿ ಕೆರಿರಿ, ಚೂರು ಒಳಗ ಬಿದ್ರ ಎಂಜಿನ್ ಖಲ್ಲಾಸ್. ಆಮ್ಯಾಲ ಆ ಬಟ್ಟಿ ತೆಗಿಯೋದು ಮರೀಬ್ಯಾಡ್ರಿ!" ಬಸ್ಸಿನಲ್ಲಿ ಬರುವಾಗ ಪಾಕೀಟನ್ನು ತೊಡೆಯ ಮೇಲೆ ಹಪ್ಪಳದಂತೆ ಹಿಡಿದು ಕೂತಿದ್ದೆ.

ಐತವಾರ ಬೆಳಿಗ್ಗೆ ಮಳೆ ಹೊಳವಾಯಿತು. ಉತ್ತರಿ ಮಳೆ ಆ ಸಲ ನಮ್ಮ ಕಡೆ ಚೆನ್ನಾಗಿ ಹಿಡಿದಿತ್ತು. ಅಂಗಳದ ಕರಿಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲು ಬರುತ್ತಿರಲಿಲ್ಲ. ಭೀಮೇಶ ಮೊದಲ ಬಸ್ಸಿಗೆ ಬಂದ. ಹೆಂಡತಿಯ ಮುಖ ನೋಡಿ, ಚಹಾ ಕುಡಿದು, ಬೇವಿನ ಕೆಳಗೆ ತಾಡಪತ್ರಿ ಹಾಸಿ ಪಾನಾಗಳನ್ನು ಸಾಲಾಗಿ ಇಟ್ಟ. ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಅನ್ನುತ್ತಾರೆ. ಬ್ಯಾಟರಿಯ ವೈರು ತೆಗೆದೆವು, ರೇಡಿಯೇಟರ್ ನೀರನ್ನು ಬಕೆಟ್ಟಿಗೆ ಇಳಿಸಿದೆವು. ಗಾಳಿ ಸೋಸುವ ಡಬ್ಬಿ, ಪೆಟ್ರೋಲ್ ನಳಿಗೆ, ಕೇಬಲ್ಲುಗಳು ಒಂದೊಂದಾಗಿ ಕಳಚಿದವು. ಯಾವ ನಳಿಗೆ ಎಲ್ಲಿಯದು ಎಂದು ನಾನು ಬಣ್ಣಬಣ್ಣದ ದಾರ ಕಟ್ಟುತ್ತಾ ಹೋದೆ. ಸುಜಾತಾ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, "ನನ್ನ ಹೊಟ್ಟಿಗೂ ಹಿಂಗ ದಾರ ಕಟ್ಟಿ ಬಿಚ್ತಾರೇನಕ್ಕ?" ಅಂದಳು. ನಗಿಸಲು ಅಂದದ್ದು. ನಾನು ಇನ್ನೊಂದು ದಾರ ಕಟ್ಟಿದೆ.

ಕೊಳವೆಗಳ ಆ ಗಡ್ಡೆಯನ್ನು ಎತ್ತಿದಾಗ ಒಳಗೆ ಕಂಡ ಹಳೆಯ ಗ್ಯಾಸ್ಕೆಟ್ ಒಂದು ತುದಿಗೆ ಹರಿದು ಕರ್ರಗಾಗಿತ್ತು. ಉಳಿದದ್ದು ಲೋಹಕ್ಕೆ ಅಂಟಿಕೊಂಡು ಕೂತಿತ್ತು. ನಾವು ತೂತುಗಳಿಗೆ ಬಟ್ಟೆ ತುರುಕಿ ಹಳೆಯ ಬ್ಲೇಡಿನಿಂದ ಕೆರೆಯಲು ಕೂತೆವು. ಇದು ಮುಗಿಯುವ ಕೆಲಸವೇ ಅಲ್ಲ ಅನ್ನಿಸಿತು. ಗಟ್ಟಿ ಕೆರೆದರೆ ಅಲ್ಯೂಮಿನಿಯಂಗೆ ಗೀರು ಬೀಳುತ್ತದೆ, ಮೆಲ್ಲಗೆ ಕೆರೆದರೆ ಕಾಗದ ಬಿಡುವುದಿಲ್ಲ. ನನ್ನ ತಲೆಯಲ್ಲಿ ಒಂದೇ ಯೋಚನೆ: ಈಗ, ಕಾರು ಹೀಗೆ ಎದೆ ಬಿಚ್ಚಿಕೊಂಡು ಕೂತಿರುವಾಗ, ಒಳಗಿನಿಂದ ಸುಜಾತಾ "ಅಕ್ಕಾ" ಅಂದರೆ? ಪಾತ್ರೆ ಬಿದ್ದ ಸದ್ದಾದರೂ ಓಡಿಹೋಗಿ ನೋಡಿ ಬರುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಲೋಹದ ಮೈ ಸಾಫಾಯಿತು. ಬಟ್ಟೆಗಳನ್ನು ತೆಗೆದೆವು. ಎಲ್ಲ ತೆಗೆದೆವೋ ಇಲ್ಲವೋ ಎಂದು ನಾನು ಮತ್ತೆ ಟಾರ್ಚು ಬಿಟ್ಟು ನೋಡಿದೆ. ಹೊಸ ಹಾಳೆ ಕೂಡಿಸಿ, ಗಡ್ಡೆ ಇಟ್ಟು, ಭೀಮೇಶ ನಟ್ಟು ಬಿಗಿಯತೊಡಗಿದ. "ನಡುವಿಂದ ಹೊರಗ, ಅಕ್ಕಾರ. ಒಂದು ಇತ್ತಾಗ, ಒಂದು ಅತ್ತಾಗ. ಒಮ್ಮೆಲೇ ಬಿಗಿಬಾರ್ದು, ಒಂದಿಷ್ಟು ಬಿಗಿದು ಮತ್ತ ಮೊದಲಿಂದ." ಅವನು ಪಾನಾ ಎಳೆದಾಗೆಲ್ಲ ಹೂಂ ಎಂದು ಉಸಿರು ಬಿಡುತ್ತಿದ್ದ.

ಆಗ ಆಯಿ ಒಳಗಿನಿಂದ ಬಂದಳು. ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಸಾಕು ಬಿಡಪ್ಪಾ, ಎಷ್ಟು ಬಿಗಿತಿ?" ಅಂದಳು.

"ಇನ್ನೊಂದು ಸುತ್ತು ಅದ ಆಯಿ."

"ದಿನ ತುಂಬಿದ ಹೆಣ್ಣಿರೋ ಮನಿಯಾಗ ಹಿಂಗ ಬಿಗಿಬಾರ್ದು."

ಭೀಮೇಶ ನನ್ನ ಕಡೆ ನೋಡಿದ. ನಾನು ಕಣ್ಣಿನಲ್ಲೇ ಮುಂದುವರಿಸು ಅಂದೆ. ಆಯಿಯ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ಹೆರಿಗೆಯ ನೋವು ಶುರುವಾದರೆ ಮನೆಯಲ್ಲಿ ಕಟ್ಟಿದ್ದು, ಮುಚ್ಚಿದ್ದು, ಕೀಲಿ ಹಾಕಿದ್ದು ಯಾವುದೂ ಇರಬಾರದು ಎನ್ನುವುದು ನಮ್ಮ ಹಿರಿಯ ಹೆಂಗಸರ ನಂಬಿಕೆ. ಮೂಟೆಯ ಬಾಯಿ ಬಿಚ್ಚುತ್ತಾರೆ, ಡಬ್ಬಿಗಳ ಮುಚ್ಚಳ ತೆಗೆಯುತ್ತಾರೆ, ಬಾಗಿಲು ತೆರೆದಿಡುತ್ತಾರೆ. ಮನೆ ಬಿಚ್ಚಿಕೊಂಡರೆ ಹೊಟ್ಟೆಯೂ ಬಿಚ್ಚಿಕೊಳ್ಳುತ್ತದೆ ಅನ್ನುವ ಲೆಕ್ಕ. ಸುಜಾತಾ ಹುಟ್ಟುವಾಗ ಬಾಗಲವಾಡದ ಮನೆಯಲ್ಲಿ ಆಯಿ ಎಲ್ಲವನ್ನೂ ಬಿಚ್ಚಿದ್ದಳು, ಟ್ರಂಕು ಒಂದನ್ನು ಬಿಟ್ಟು. ಅದರ ಕೀಲಿಕೈ ತಾತನ ಉಡಿಯಲ್ಲಿತ್ತು, ತಾತ ಮಾನ್ವಿಯ ಸಂತೆಗೆ ಹೋಗಿದ್ದ. ಕಲ್ಲು ತಗೊಂಡು ಕೀಲಿ ಒಡೆಯಲು ಹೋದರೆ ಸೇರಿದ್ದ ಹೆಂಗಸರು ಬೇಡ ಅಂದರು, ಹೊಸ ಕೀಲಿ, ಈಗ ಬಂದೇ ಬಿಡುತ್ತಾನೆ ಅಂದರು. ತಾತ ಬರುವಷ್ಟರಲ್ಲಿ ಸುಜಾತಾ ಹುಟ್ಟಿದ್ದಳು, ಅವ್ವ ಹೋಗಿದ್ದಳು. ರಕ್ತ ನಿಲ್ಲಲಿಲ್ಲ, ಗಾಡಿ ಸಿಗಲಿಲ್ಲ. ಇದು ನಾನು ತಿಳಿದ ಕಾರಣ. ಆಯಿಗೆ ಕಾರಣ ಆ ಟ್ರಂಕು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಂತು, ನಾವು ಓದಿದೆವು, ನೌಕರಿ ಸೇರಿದೆವು. ಆದರೆ ಅಂದಿನಿಂದ ಆ ಟ್ರಂಕಿಗೆ ಆಯಿ ಕೀಲಿ ಹಾಕಿದ್ದನ್ನು ನಾನು ಕಾಣೆ.

ಸಂಜೆ ಕಾರು ಶುರುವಾಯಿತು. ಕಾಲು ತೆಗೆದೆ. ಆರಲಿಲ್ಲ. ನಡುಗಲಿಲ್ಲ. ಸುಸ್ಸ್ ಸದ್ದೂ ಇಲ್ಲ. ಭೀಮೇಶ ಸೋಪಿನ ನೀರು ಚಿಮುಕಿಸಿ ಸಂದು ಸಂದು ನೋಡಿ, ಎಲ್ಲೂ ಒಂದು ಹನಿಯನ್ನೂ ಒಳಗೆಳೆಯಲಿಲ್ಲವೆಂದು ಎದೆ ಉಬ್ಬಿಸಿದ. ಹೊರಡುವಾಗ ಹನ್ನೆರಡು ನಂಬರಿನ ಪಾನಾ ಒಂದನ್ನು ನನ್ನ ಕೈಗೆ ಕೊಟ್ಟ. "ನಾಕಾರು ಸಲ ಕಾದು ಆರಿದ ಮ್ಯಾಲ ಒಂದು ಸಲ ಮುಟ್ಟಿ ನೋಡ್ರಿ, ಸಡಿಲ ಅನಿಸಿದ್ರ ಒಂಚೂರು ಎಳೀರಿ. ಭಾಳ ಎಳದ್ರ ನಟ್ಟಿನ ಆಟಿ ಹೋಗ್ತದ ಮತ್ತ, ಆಮ್ಯಾಲ ಬಿಗೀನೇ ಆಗಂಗಿಲ್ಲ, ಮೆತ್ತನ್ನ ಲೋಹ." ಹೋಗುವ ಮುಂಚೆ ಸುಜಾತಾಳ ಹತ್ತಿರ ನಿಂತು ಏನೋ ಅಂದ. ಅವಳು ಅವನ ಅಂಗಿಯ ಕರಿ ಕಲೆ ಉಜ್ಜಿದಳು, ಹೋಗಲಿಲ್ಲ.

ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಬಾನೆಟ್ ಎತ್ತುವುದು ನನಗೆ ಚಟವಾಯಿತು. ನೀರಿನ ಮಟ್ಟ ನೋಡುವುದು, ನಟ್ಟು ಮುಟ್ಟುವುದು, ಒಮ್ಮೆ ಶುರು ಮಾಡಿ ಕಿವಿಗೊಡುವುದು. ಶಾಲೆಯಲ್ಲಿ ಗಾಳಿಯ ಒತ್ತಡದ ಪಾಠ ಮಾಡುತ್ತಾ ನಡುವೆ ಮರೆತು ನಿಲ್ಲುತ್ತಿದ್ದೆ. ಆಯಿ ಮಾತ್ರ ಆ ವಾರ ಕಾರಿನ ಹತ್ತಿರ ಸುಳಿಯಲಿಲ್ಲ. ಬಿಗಿದದ್ದನ್ನು ಕಂಡರೆ ಅವಳ ಮುಖ ಗಂಟಾಗುತ್ತಿತ್ತು.

ಆ ಮುಂಜಾನೆ ಜಿಟಿಜಿಟಿ ಮಳೆ. ನಾನು ಬಾನೆಟ್ ಎತ್ತಿ, ಪಾನಾ ಬ್ಯಾಟರಿಯ ಮೇಲಿಟ್ಟು ನೀರು ನೋಡುತ್ತಿದ್ದೆ. ಒಳಗಿನಿಂದ ಸುಜಾತಾ ಕೂಗಿದಳು. ಆ ಕೂಗು ಬೇರೆಯೇ ಇತ್ತು. ಎಲ್ಲ ಬಿಟ್ಟು ಓಡಿದೆ. ಅವಳು ಗೋಡೆ ಹಿಡಿದು ನಿಂತಿದ್ದಳು, ಕಾಲ ಬಳಿ ನೆಲ ಒದ್ದೆಯಾಗಿತ್ತು. ಅಂಬುಲೆನ್ಸಿಗೆ ಫೋನ್ ಮಾಡಿದರೆ, ಗಾಡಿ ಇನ್ನೊಬ್ಬ ಬಸುರಿಯನ್ನು ಕರೆದುಕೊಂಡು ರಾಯಚೂರಿಗೆ ಹೋಗಿದೆ, ಅದು ತಿರುಗಿ ಬರಬೇಕು ಅಂದರು. ಕಾಯುವುದು ಬೇಡ ಅಂದುಕೊಂಡೆ. ಭೀಮೇಶನಿಗೆ ಆಸ್ಪತ್ರೆಗೇ ಬಾ ಎಂದು ಹೇಳಿದೆ. ಬಟ್ಟೆ, ಆಧಾರ್ ಕಾರ್ಡು, ಡಾಕ್ಟರರ ಚೀಟಿ ಚೀಲಕ್ಕೆ ತುಂಬುತ್ತಿದ್ದಾಗ ಆಯಿ ಮನೆ ತುಂಬ ಓಡಾಡುವುದು ಕಾಣುತ್ತಿತ್ತು. ಜೋಳದ ಚೀಲದ ಬಾಯಿ ಬಿಚ್ಚಿದಳು. ಖಾರದಪುಡಿ ಡಬ್ಬಿ, ಉಪ್ಪಿನ ಡಬ್ಬಿ, ನನ್ನ ಪೌಡರ್ ಡಬ್ಬಿಯನ್ನೂ ತೆರೆದಿಟ್ಟಳು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಕೆಳಗೆ ಬಿಟ್ಟಳು. ಟ್ರಂಕಿನ ಮುಚ್ಚಳ ಎತ್ತಿ ಗೋಡೆಗೆ ಆನಿಸಿದಳು. ಆಮೇಲೆ ಅಂಗಳಕ್ಕೂ ಹೋಗಿ ಬಂದಳು. ಮಾಡಿಕೊಳ್ಳಲಿ, ಅವಳಿಗೆ ಅದೇ ಧೈರ್ಯ ಅಂದುಕೊಂಡೆ. ಬಾನೆಟ್ ಮುಚ್ಚಿ, ಸುಜಾತಾಳನ್ನು ಹಿಂದಿನ ಸೀಟಿನಲ್ಲಿ ಆಯಿಯ ತೊಡೆಯ ಮೇಲೆ ಮಲಗಿಸಿ, ಮನೆಯ ಬಾಗಿಲನ್ನು ಆಯಿ ಹೇಳಿದಂತೆ ತೆರೆದೇ ಬಿಟ್ಟು ಹೊರಟೆ.

ಊರು ಬಿಡುವ ಮುಂಚೆಯೇ ಮೊದಲ ಸ್ಪೀಡ್ ಬ್ರೇಕರಿನಲ್ಲಿ ಕಾರು ನಡುಗಿ ಆರಿತು.

ಮತ್ತೆ ಶುರು ಮಾಡಿದೆ. ಅದೇ ಸುಸ್ಸ್ ಸದ್ದು, ಮೊದಲಿಗಿಂತ ಜೋರು. ನಾವು ಮಾಡಿದ್ದು ಕೆಟ್ಟಿತು, ಮಿಸ್ತ್ರಿಗೆ ಬಿಡಬೇಕಿತ್ತು, ಪೈಪು ಪೈಪೇ ಅಂದವನ ಮಾತು ಕೇಳಿದೆನಲ್ಲ ಎಂದು ಮನಸ್ಸು ಒದರುತ್ತಿತ್ತು. ಕಾಲು ಆಕ್ಸಿಲರೇಟರಿನಿಂದ ತೆಗೆಯದೆ ಓಡಿಸಿದೆ. ಎರಡೂ ಕಡೆ ಹತ್ತಿ ಹೊಲ, ಕಾಲುವೆ ನೀರಿನ ಭತ್ತದ ಗದ್ದೆ, ಎಲ್ಲ ಮಳೆಯಲ್ಲಿ ಮಸಕು. ಹಿಂದಿನಿಂದ ಸುಜಾತಾ ನೋವು ಬಂದಾಗ ಹಲ್ಲು ಕಚ್ಚುವುದು ಕೇಳುತ್ತಿತ್ತು. ನೋವಿನ ನಡುವೆಯೂ ಅವಳು, "ಅಕ್ಕ, ಗಾಡಿ ಮತ್ತ ಹಂಗ ಮಾಡಾಕತ್ತದೇನು?" ಅಂದಳು. "ಇಲ್ಲವ್ವಾ, ರೋಡು ಸರಿ ಇಲ್ಲ" ಅಂದೆ. ಎದುರಿಗೆ ಕುರಿ ಹಿಂಡು ಬಂತು. ನಿಧಾನ ಮಾಡಿದೆ, ಆರಿತು. ಶುರು ಮಾಡಿದೆ. ಆಮೇಲೆ ಆ ಸಿಹಿ ವಾಸನೆ ಬಂತು. ಶಾಖದ ಮುಳ್ಳು ಮೇಲಕ್ಕೆ ತೆವಳುತ್ತಿತ್ತು. ಇನ್ನೂ ಓಡಿಸಿದರೆ ಎಂಜಿನ್ನು ಸುಟ್ಟು ಪೂರ್ತಿ ನಿಲ್ಲುತ್ತದೆ ಎನ್ನುವಷ್ಟು ನನಗೆ ಗೊತ್ತಿತ್ತು. ಗಬ್ಬೂರು ಇನ್ನೂ ಮುಂದಿತ್ತು. ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿದೆ.

ಬಾನೆಟ್ ಎತ್ತಿದರೆ ಹಬೆ. ಸೆರಗಿನಿಂದ ಬೀಸಿ, ಬಗ್ಗಿ ನೋಡಿದೆ. ಗ್ಯಾಸ್ಕೆಟ್ಟಿನ ಒಂದು ತುದಿ ಒದ್ದೆಯಾಗಿ ಗುಳ್ಳೆ ಏಳುತ್ತಿತ್ತು. ಆ ತುದಿಯ ನಟ್ಟು ಮುಟ್ಟಿದೆ. ಸುಟ್ಟ ಬೆರಳಿನಲ್ಲೇ ಅದು ತಿರುಗಿತು! ಅದರ ಪಕ್ಕದ್ದೂ ಹಾಗೇ. ಉಳಿದವು ಬಿಗಿಯಾಗಿಯೇ ಇದ್ದವು. ನಿನ್ನೆ ಮುಟ್ಟಿ ನೋಡಿದಾಗ ಎಲ್ಲ ಗಟ್ಟಿ ಇದ್ದವು. ಪಾನಾ ಎಲ್ಲಿ ಎಂದು ಬ್ಯಾಟರಿಯ ಮೇಲೆ ನೋಡಿದೆ. ಇಲ್ಲ. ಅಲ್ಲಿಂದ ರಸ್ತೆಗೆ ಬಿದ್ದುಹೋಗಿದೆ ಅಂದುಕೊಂಡೆ. "ಪಾನಾ ಇಲ್ಲ" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಮಳೆಗೆ ಹೇಳಿದೆನೋ, ಮರಕ್ಕೆ ಹೇಳಿದೆನೋ.

ಹಿಂದಿನ ಬಾಗಿಲು ತೆರೆಯಿತು. ಆಯಿ ಸುಜಾತಾಳ ತಲೆಯನ್ನು ಬಟ್ಟೆಗಂಟಿನ ಮೇಲಿಟ್ಟು ಇಳಿದು ಬಂದಳು. ನಡುವಿಗೆ ಸಿಕ್ಕಿಸಿದ್ದ ಎಲೆ ಅಡಿಕೆಯ ಸಂಚಿಗೆ ಕೈ ಹಾಕಿ ಹನ್ನೆರಡರ ಪಾನಾ ಹೊರಗೆ ತೆಗೆದಳು. ಅದಕ್ಕೆ ಸುಣ್ಣ ಮೆತ್ತಿತ್ತು.

"ನಿನ್ನ ಹತ್ರ ಹೆಂಗ ಬಂತು?"

"ನಾನೇ ಬಿಚ್ಚೀನಿ. ಎರಡು ಸಿಕ್ಕವು. ಉಳಿದವು ನಿಲುಕಲಿಲ್ಲ."

ನಾನು ಏನೇನು ಅಂದೆನೋ ಈಗ ನೆನಪಿಲ್ಲ. ಆಯಿಗೆ ಯಾವತ್ತೂ ಅನ್ನದ ಮಾತು ಅಂದೆ. ಅವಳು ಪಾನಾವನ್ನು ಎದೆಗೆ ಒತ್ತಿ ಹಿಡಿದು ಹಿಂದಕ್ಕೆ ಸರಿದಳು. "ಬಿಗಿಬ್ಯಾಡ ರಮಾ. ನಿನ್ನ ಕಾಲಿಗೆ ಬೀಳ್ತೀನಿ. ಕೂಸು ಬರೋತನಾ ಬಿಗಿಬ್ಯಾಡ."

"ಬಿಗೀಲಿಲ್ಲಂದ್ರ ಗಾಡಿ ಹೋಗಂಗಿಲ್ಲ ಆಯಿ! ಗಾಡಿ ಹೋಗಲಿಲ್ಲಂದ್ರ..."

"ಆವತ್ತೂ ಹಿಂಗ ಅಂದ್ರು. ಕೀಲಿಲೆ ಏನಾಗ್ತದ ಅಂದ್ರು. ನಾ ಕಲ್ಲು ಕೆಳಗಿಟ್ಟೆ. ಕೈಯಾಗಿನ ಕಲ್ಲು ಕೆಳಗಿಟ್ಟೆ ನೋಡು ನಾನು." ಕಸಿದುಕೊಳ್ಳಬಹುದಿತ್ತು. ಆದರೆ ಆ ಕೈಯಿಂದ ಕಸಿಯುವ ಶಕ್ತಿ ನನಗಿರಲಿಲ್ಲ, ಮನಸ್ಸೂ ಆಗಲಿಲ್ಲ. ರಸ್ತೆಯಲ್ಲಿ ಒಂದು ವಾಹನವೂ ಇಲ್ಲ.

ಕಿಟಕಿಯಿಂದ ಸುಜಾತಾಳ ಮುಖ ಕಂಡಿತು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. "ಆಯಿ," ಅಂದಳು. ನೋವು ಹಾದುಹೋಗುವವರೆಗೆ ಕಿಟಕಿಯ ಅಂಚು ಬಿಗಿಯಾಗಿ ಹಿಡಿದುಕೊಂಡು, ಮತ್ತೆ ಹೇಳಿದಳು. "ಅವ್ವನ ಹೊತ್ತಿನಾಗ ಗಾಡಿ ಇರಲಿಲ್ಲ. ನನಗ ಅದ. ಕೊಡು."

ಆಯಿ ಅವಳನ್ನೇ ನೋಡಿದಳು. ಆಮೇಲೆ ಪಾನಾ ನನ್ನ ಕೈಗಿಟ್ಟಳು.

ನಾನು ಬಗ್ಗಿದೆ. ಮೊದಲ ನಟ್ಟನ್ನು ಒಂಚೂರು, ಎರಡನೆಯದನ್ನು ಒಂಚೂರು, ಮತ್ತೆ ಮೊದಲನೆಯದು. ಆಟಿ ಹೋಗ್ತದ ಅಂದಿದ್ದ ಭೀಮೇಶನ ಮಾತು ಕಿವಿಯಲ್ಲಿತ್ತು. ಪಕ್ಕದಲ್ಲಿ ಏನೋ ಚಲನೆ ಕಂಡು ತಲೆ ಎತ್ತಿದೆ. ಆಯಿ ಮಳೆಯಲ್ಲಿ ನಿಂತು ತನ್ನ ತುರುಬು ಬಿಚ್ಚುತ್ತಿದ್ದಳು. ನಾನು ಪಾನಾ ಎಳೆದೆ, ಅವಳು ಮಣಿಕಟ್ಟಿನ ಕರಿದಾರ ಕಡಿದಳು. ಇನ್ನೊಮ್ಮೆ ಎಳೆದೆ, ಕುಪ್ಪಸದ ಗಂಟು ಬಿಚ್ಚಿ ಸೆರಗು ಹೊದ್ದಳು. ಸೆರಗಿನ ತುದಿಯ ಚಿಲ್ಲರೆ ಗಂಟು, ಸಂಚಿಯ ದಾರ ಎಲ್ಲ ಬಿಚ್ಚಿದಳು. ನಾನು ಎಷ್ಟು ಬಿಗಿಯುತ್ತೇನೋ ಅಷ್ಟನ್ನು ಅವಳು ತನ್ನ ಮೈಮೇಲಿಂದ ಸಡಿಲ ಮಾಡುತ್ತಿದ್ದಳು. ಅಡಿಕೆ ಹೋಳು ಕೆಸರಿಗೆ ಬಿದ್ದವು. ಅವಳು ಬಗ್ಗಿ ಆರಿಸಿಕೊಳ್ಳಲಿಲ್ಲ.

ಕೂಲೆಂಟಿನ ಡಬ್ಬಿಗೆ ಕುಡಿಯುವ ನೀರು ಮೆಲ್ಲಗೆ ಸುರಿದೆ. ಶುರು ಮಾಡಿ, ದೇವರನ್ನು ನಂಬದ ನಾನು ಯಾರನ್ನೋ ನೆನೆದು, ಕಾಲು ತೆಗೆದೆ. ಆರಲಿಲ್ಲ. ಸುಸ್ಸ್ ಸದ್ದು ನಿಂತಿತ್ತು. ಮುಳ್ಳು ಮೆಲ್ಲಗೆ ಕೆಳಗಿಳಿಯುವುದನ್ನು ನೋಡುತ್ತಾ ಗಬ್ಬೂರು ದಾಟಿದೆ. ರಾಯಚೂರು ಬಂತು. ಸಿಗ್ನಲ್ಲಿನಲ್ಲಿ, ಆಟೋಗಳ ನಡುವೆ, ಎತ್ತಿನ ಗಾಡಿಯ ಹಿಂದೆ ಎಲ್ಲೆಲ್ಲೂ ಕಾರು ಆರದೆ ನಿಂತು ಉಸಿರಾಡಿತು.

ಆಸ್ಪತ್ರೆಯಲ್ಲಿ ಸುಜಾತಾಳನ್ನು ಒಳಗೆ ಒಯ್ದರು. ನಾನು ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕಿದೆ, ಕಾಗದದ ಮೇಲೆ ಕರಿ ಬೆರಳಚ್ಚು ಮೂಡಿದವು. ಆಯಿ ವರಾಂಡದ ನೆಲದ ಮೇಲೆ ಗೋಡೆಗೆ ಆತು ಕೂತಳು. ಬಿಳಿ ಕೂದಲು ಬೆನ್ನ ತುಂಬ ಹರಡಿ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಕಡೆ ಮುದುಕಿಯೊಬ್ಬಳು ಹಾಗೆ ಕೂದಲು ಬಿಟ್ಟು ಕೂತರೆ ಅದಕ್ಕೆ ಒಂದೇ ಅರ್ಥ. ಹೋಗಿ ಬರುವವರು ನಿಂತು ನೋಡುತ್ತಿದ್ದರು. ಒಬ್ಬಾಕೆ ಬಗ್ಗಿ, "ಯಾರು ಹೋದ್ರು ಯವ್ವಾ?" ಎಂದು ಕೇಳಿಯೇಬಿಟ್ಟಳು. "ಆಯಿ, ತುರುಬು ಕಟ್ಟಿಕೋ, ನೋಡಾಕ ಆಗವಲ್ದು" ಅಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಇನ್ನಾ ಇಲ್ಲ."

ಭೀಮೇಶ ಸ್ಥಾವರದ ಬೂಟಿನಲ್ಲೇ ಓಡಿ ಬಂದ. ಆಯಿಯನ್ನು ನೋಡಿದ್ದೇ ಅವನ ಮುಖದ ರಕ್ತ ಇಳಿಯಿತು. ನಾನು ಓಡಿಹೋಗಿ ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ತೋಳು ಹಿಡಿದೆ. ಅವನು ಬೆಂಚಿನ ಮೇಲೆ ಕುಸಿದು, ಮಾತಾಡಲು ಏನಾದರೂ ಬೇಕೆಂದು ಕೇಳಿದ. "ಗಾಡಿ ಹೆಂಗ ಓಡ್ತು ಅಕ್ಕಾರ?"

"ಚಲೋ ಓಡ್ತು" ಅಂದೆ. ಆಯಿ ನೆಲ ನೋಡುತ್ತಿದ್ದಳು.

ಆಪರೇಶನ್ ಕೋಣೆಯ ಬಾಗಿಲು ತೆರೆಯಿತು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದಳು. "ಹೆಣ್ಣು ಕೂಸು ನೋಡ್ರಿ. ಚಲೋ ಅದ." ಭೀಮೇಶ ಕೈ ಚಾಚಿದವನು ಕೈಯ ಕರಿ ನೋಡಿಕೊಂಡು ಹಿಂದಕ್ಕೆ ತೆಗೆದುಕೊಂಡ. ನನಗೆ ಅಳು ಬಂತು. ಆಯಿ ಮಾತ್ರ ಎದ್ದು ಬಂದವಳು ಕೂಸಿನ ಕಡೆ ನೋಡಲೇ ಇಲ್ಲ. ನರ್ಸಮ್ಮನ ಭುಜದ ಆಚೆ, ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನೇ ನೋಡುತ್ತಾ ಕೇಳಿದಳು.

"ಇದರವ್ವ?"

"ಅಕಿಗೇನು! ಮಾತಾಡಾಕತ್ತಾಳ. ನೀರು ಕೊಡ್ರಿ ಅಂತ ಜೀವ ತಿನ್ನಾಕತ್ತಾಳ."

ಆಯಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಅಲ್ಲೇ ನೆಲಕ್ಕೆ ಕೂತು, ಎರಡೂ ಕೈ ಹಿಂದಕ್ಕೆ ಒಯ್ದು ಕೂದಲು ಕೂಡಿಸಲು ನೋಡಿದಳು. ಕಲ್ಲು ಒಡೆದ ಕೈ ಅವು, ಈಗ ಒಂದು ಗಂಟು ಹಾಕಲು ಬರಲಿಲ್ಲ. ಬೆನ್ನು ನನ್ನ ಕಡೆ ತಿರುಗಿಸಿದಳು.

"ಈಗ ಕಟ್ಟು ಯವ್ವಾ. ಗಟ್ಟಿ ಕಟ್ಟು."

ನಾನು ಗ್ರೀಸಿನ ಕೈಯಲ್ಲೇ ಅವಳ ತುರುಬು ಕಟ್ಟಿದೆ. ಬಿಳಿ ಕೂದಲಿಗೆಲ್ಲ ಕರಿ ಹತ್ತಿತು.